ಚಿಪ್ಪಿಲ್ಲದ ಕಲ್ಲು

ಗುಡ್ಡ ಹತ್ತುವಾಗ ಭಾವ ಮೂರು ಸಲ ನಿಂತರೋ ನಾಲ್ಕು ಸಲವೋ, ಖಚಿತವಿಲ್ಲ. ಬರೆಯುವಾಗ ನಾನೇ ಒಂದನ್ನು ಸೇರಿಸಿಕೊಂಡಿರಬಹುದು. ಹೋದ ವಾರ, ಚಳಿಗಾಲದ ಮಧ್ಯಾಹ್ನ, ಅಲ್ ವಕ್ರಾದ ಅಕ್ಕನ ಮನೆಯಿಂದ ಕತಾರಿನ ಪಶ್ಚಿಮ ತೀರಕ್ಕೆ ಕಾರಿನಲ್ಲಿ ಹೋಗಿದ್ದೆವು. ಅಕ್ಕ ಕಾರಿನ ಬಳಿ ಚಾಪೆ ಹಾಸಿ ಕುಳಿತಳು. ಭಾವ ಮತ್ತು ನಾನು ಸುಣ್ಣಕಲ್ಲಿನ ಗುಡ್ಡ ಹತ್ತಿದೆವು. ಎತ್ತರ ಹೆಚ್ಚೆಂದರೆ ಮೂರು ಮಹಡಿ.

“ಇಲ್ಲಿ ಇದನ್ನೇ ಪರ್ವತ ಅಂತ ಹೇಳುವುದು, ನಗಾಡಬೇಡ,” ಎಂದರು ಭಾವ.

ಸ್ವಲ್ಪ ಹತ್ತಿ ನಿಂತು, ಬಂಡೆಯೊಳಗೆ ಹುದುಗಿದ್ದ ಚಿಪ್ಪೊಂದನ್ನು ತೋರಿಸಿದರು. ಒಂದು ಕಾಲಕ್ಕೆ ಇದೆಲ್ಲ ಸಮುದ್ರದ ತಳವಂತೆ. ಮುಟ್ಟಿದರೆ ಚಿಪ್ಪಿನ ಗೆರೆಗಳು ಇನ್ನೂ ಬೆರಳಿಗೆ ಸಿಗುತ್ತಿದ್ದವು. ಹತ್ತು ಹೆಜ್ಜೆಗೆ ಮತ್ತೆ ನಿಂತು ಇನ್ನೊಂದು ತೋರಿಸಿದರು. ಆಮೇಲೆ, “ಇಲ್ಲೊಂದು ಉಂಟು ನೋಡು,” ಎಂದರು. ಬಗ್ಗಿ ನೋಡಿದೆ, ಬರೀ ಕಲ್ಲು. ತಲೆಯೆತ್ತಿದಾಗ ಅವರ ಅಂಗೈ ಎದೆಯ ಮೇಲಿತ್ತು. ಆ ತಣ್ಣನೆಯ ಗಾಳಿಯಲ್ಲೂ ಹಣೆ ಬೆವರಿತ್ತು.

“ಎಷ್ಟು ದಿನದಿಂದ ಹೀಗೆ ಭಾವ?”

“ಗ್ಯಾಸ್ಟ್ರಿಕ್ ಮಾರಾಯ್ತಿ, ಮಾಫಿ ಪ್ರಾಬ್ಲಂ, ಏನೂ ತೊಂದರೆ ಇಲ್ಲ.”

ಕೆಳಗಿನಿಂದ ಅಕ್ಕ ಕೂಗಿದಳು: “ಎವರೆಸ್ಟ್ ಹತ್ತಿದ್ದು ಸಾಕು! ಯಲ್ಲಾ, ಬೇಗ ಇಳೀರಿ, ಚಾ ತಣ್ಣಗಾಗ್ತದೆ!”

ಭಾವ ನಗುತ್ತ ಅವಳಿಗೆ ಕೈ ಬೀಸಿದರು. ಇಳಿಯುವಾಗ ನನ್ನ ಭುಜ ಹಿಡಿದುಕೊಂಡರು. ಆ ಹಿಡಿತ ಬಿಗಿಯಾಗಿತ್ತು, ಇದು ಮಾತ್ರ ಚೆನ್ನಾಗಿ ನೆನಪಿದೆ.

ಹಾಗೆ ಇಳಿಯುತ್ತ ನಾನು ಕೇಳಿದ್ದಕ್ಕೆ ಅವರ ಉತ್ತರವನ್ನು, ಇವತ್ತು ಬೆಳಿಗ್ಗೆ ಅಕ್ಕ ದೋಸೆ ಬಡಿಸುವಾಗಲೂ ಕಾಯುತ್ತಿದ್ದೆ:

“ಇದನ್ನು ಅಕ್ಕನಿಗೆ ನೀವು ಹೇಳ್ತೀರಾ, ನಾನು ಹೇಳಬೇಕಾ?”