ಐದು ಸೆಕೆಂಡ್ ಹಿಂದಿನ ಶರಣಮ್ಮ

ಕಳೆದ ವರ್ಷ ನಾನು ಕಲಬುರಗಿಯ ಶಹಾಬಜಾರದ ಕ್ಯಾಮೆರಾ ಅಂಗಡಿಯೊಂದರಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಕಮಲಾಪುರದ ಹೊರಗಿನ ಒಂದು ಬೇಳೆ ಮಿಲ್ಲಿನಿಂದ ದೂರು ಬಂತು: ಶೆಡ್ಡಿನ ಕ್ಯಾಮೆರಾದ ಚಿತ್ರ ತಡೆತಡೆದು ಬರುತ್ತಿದೆ.

ಶೆಡ್ಡಿನಿಂದ ಅಂಗಳದಾಚೆಯ ಕಂಟ್ರೋಲ್ ರೂಮಿಗೆ ಚಿತ್ರ ವೈರ್‌ಲೆಸ್ ಮೂಲಕ ಬರುತ್ತಿತ್ತು. ಪಿಂಗ್ ಹಾಕಿದೆ. ಕ್ಯಾಮೆರಾಕ್ಕೆ ಸಂದೇಶ ಕಳಿಸಿ, ಉತ್ತರ ಬರುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಹಲವು ಉತ್ತರಗಳು ದಾರಿಯಲ್ಲೇ ಕಳೆದುಹೋಗುತ್ತಿದ್ದವು. ಅಂಗಳದ ಬೇವಿನ ಮರ ಚಿಗುರಿ ಎರಡು ಆಂಟೆನಾಗಳಿಗೆ ಅಡ್ಡ ಬಂದಿತ್ತು. ಆಂಟೆನಾವನ್ನು ಉದ್ದನೆಯ ಪೈಪಿಗೆ ಏರಿಸಬೇಕಿತ್ತು. ಪೈಪು ತರಲು ಮತ್ತೆ ಕಲಬುರಗಿಗೆ ಹೋಗಬೇಕು. ನಾನು ಬಫರ್ ಹೆಚ್ಚಿಸಿ ಮುಗಿಸಿದೆ. ಅಂದರೆ ಚಿತ್ರವನ್ನು ಐದಾರು ಸೆಕೆಂಡ್ ಹಿಡಿದಿಟ್ಟು, ಹಿಂದುಳಿದ ತುಣುಕುಗಳು ಬಂದು ಸೇರಿದ ಮೇಲೆ ತೋರಿಸುವ ವ್ಯವಸ್ಥೆ.

"ಈಗ ನೋಡ್ರಿ, ಎಣ್ಣಿ ಸುರುವಿದಂಗ ಹೊಂಟದ!" ಎಂದರು ಆಪರೇಟರ್ ಖಾಜಾಸಾಬ್. ಚಿತ್ರ ತಡವಾಗಿ ಬರುತ್ತದೆಂದು ನಾನು ಹೇಳಲಿಲ್ಲ. ಕಳ್ಳತನ ತಡೆಯಲು ಹಾಕಿದ ಕ್ಯಾಮೆರಾಕ್ಕೆ ಐದು ಸೆಕೆಂಡ್ ಯಾವ ಲೆಕ್ಕ ಎಂದುಕೊಂಡೆ.

ಮುಂದಿನ ವಾರ ಗೇಟಿಗೆ ಕ್ಯಾಮೆರಾ ಹಾಕಲು ಹೋದಾಗ ತೊಗರಿ ಸಾಗಿಸುವ ಬೆಲ್ಟು ನಿಂತಿತ್ತು. ಅದರ ಸ್ವಿಚ್ಚು ಖಾಜಾಸಾಬರ ಮೇಜಿನ ಪಕ್ಕ. ಹಿಂದಿನ ವಾರ ನಾನು ಬಂದಾಗ ಅವರು ಪ್ರತಿ ಸಲ ಶೆಡ್ಡಿನ ಬಾಗಿಲಿಗೆ ಹೋಗಿ "ಬೆಲ್ಟ್ ಬಿಡ್ತೀನ್ರವ್ವಾ!" ಎಂದು ಕೂಗುತ್ತಿದ್ದರು. ಒಳಗೆ ಕೆಲಸ ಮಾಡುವ ಹೆಂಗಸರು "ಬಿಡ್ರೀ ಕಾಕಾ" ಎಂದ ಮೇಲೆಯೇ ಸ್ವಿಚ್ಚು ಒತ್ತುತ್ತಿದ್ದರು.

"ಈಗ ಒದರಂಗಿಲ್ಲೇನ್ರಿ ಕಾಕಾ?" ಎಂದೆ.

"ನಿಮ್ಮ ಟಿವಿ ಇರೋತನ ಗಂಟ್ಲ ಯಾಕ ಹರ್ಕೋಬೇಕು, ಇಂಜಿನಿಯರ್ ಸಾಬ್? ನೋಡ್ರಿ, ಕಸ ಗುಡಿಸೋ ಶರಣಮ್ಮ ನೀರು ಕುಡೀಲಾಕತ್ತಾಳ. ಬಾಕಿದೋರು ಹೊರಗ ಅದಾರ."

ಅವರ ಬೆರಳು ಸ್ವಿಚ್ಚಿನ ಮೇಲಿತ್ತು. ಹೇಳಲು ಸಮಯವಿತ್ತು. ಹೇಳಿದರೆ ನನ್ನ ಕೆಲಸ ಅರೆಬರೆ ಎಂದಾಗುತ್ತಿತ್ತು. ಅವರು ಒತ್ತಿದರು.

ಶೆಡ್ಡಿನಿಂದ ಚೀರಾಟ ಕೇಳಿತು. ಪರದೆಯ ಮೇಲೆ ಶರಣಮ್ಮ ಇನ್ನೂ ನೀರು ಕುಡಿಯುತ್ತಿದ್ದರು. ಲೋಟ ಇಟ್ಟರು, ಪೊರಕೆ ಹಿಡಿದರು, ಬೆಲ್ಟಿನಡಿ ಬಗ್ಗಿದರು. ಅಷ್ಟರಲ್ಲಿ ನಾನು ಕೈಚಾಚಿ ಸ್ವಿಚ್ಚು ಆರಿಸಿದ್ದೆ.

ಓಡಿದೆವು. ಶರಣಮ್ಮನ ಸೆರಗು ಬೆಲ್ಟಿನ ರೋಲರಿಗೆ ಸುತ್ತಿಕೊಂಡು, ರೋಲರಿಗೂ ಕುತ್ತಿಗೆಗೂ ಗೇಣಷ್ಟೇ ಅಂತರ ಉಳಿಯುವಂತೆ ಎಳೆದುಕೊಂಡಿತ್ತು. ಚೀಲದ ಹೊಲಿಗೆ ಬಿಚ್ಚುವ ಚಾಕುವಿನಿಂದ ಖಾಜಾಸಾಬ್ ಸೆರಗು ಕೊಯ್ದರು. ಕುತ್ತಿಗೆಯ ಸುತ್ತ ಕೆಂಪು ಗೆರೆ ಎದ್ದಿತ್ತು. ಉಸಿರಾಡುತ್ತಿದ್ದರು.

"ಅಲ್ಲಾನ ಆಣಿ ತಂಗೀ, ಟಿವ್ಯಾಗ ನೀ ನೀರು ಕುಡೀಲಾಕತ್ತಿದ್ದಿ," ಎಂದು ಖಾಜಾಸಾಬ್ ಅತ್ತರು.

ಶರಣಮ್ಮ ನನ್ನ ಕಡೆ ತಿರುಗಿದರು. "ಹಂಗಾದ್ರ ಬೆಲ್ಟಿನಾಗ ಸಿಕ್ಕಾಕಿ ಯಾರ್ರೀ ಸಾಬ್?"

ಅಲ್ಲೇ, ಎಲ್ಲರೆದುರು ನಿಜ ಹೇಳಿದೆ. ಆ ದಿನವೇ ಪೈಪು ತಂದು ಆಂಟೆನಾ ಏರಿಸಿದೆ, ಬಫರ್ ತೆಗೆದೆ. ಕೂಗುವ ರೂಢಿಯೂ ಮರಳಿತು. ಚಿತ್ರ ತಡೆತಡೆದು ಬಂದರೆ ನೋಡುವವರಿಗೆ ಅನುಮಾನವಾದರೂ ಇರುತ್ತದೆ. ರಿಪೇರಿಯ ಹೆಸರಲ್ಲಿ ನಾನು ತೆಗೆದುಹಾಕಿದ್ದು ಆ ಅನುಮಾನವನ್ನು.

ಈಗ ಎಲ್ಲೇ ಕ್ಯಾಮೆರಾ ಜೋಡಿಸಿದರೂ ಅದರ ಮುಂದೆ ನಿಂತು ಕೈ ಎತ್ತುತ್ತೇನೆ. ಪರದೆಯಲ್ಲಿ ನನ್ನ ಕೈ ಏಳುವವರೆಗೆ ಗಟ್ಟಿಯಾಗಿ ಎಣಿಸಿರಿ ಎಂದು ಮಾಲೀಕರಿಗೆ ಹೇಳುತ್ತೇನೆ. ಅವರು ನಗುತ್ತ ಎಣಿಸುತ್ತಾರೆ. ಒಂದು, ಎರಡು ಎನ್ನುವಷ್ಟರಲ್ಲಿ ನನಗೆ ಆ ಚೀರಾಟ ಕೇಳಿಸುತ್ತದೆ.