ದ್ರಾಕ್ಷಿ ಬಳ್ಳಿಗೆ ಉಡಿ ತುಂಬಿದ್ದು

ದ್ರಾಕ್ಷಿ ಕೊಯ್ಯಲು ಬಂದ ಹೆಂಗಸರು ಕತ್ತರಿಗಳನ್ನು ಬುಟ್ಟಿಗೆ ಎಸೆದು ಬದುವಿನ ಮೇಲೆ ಕುಳಿತುಬಿಟ್ಟರು.

"ಉಡಿ ತುಂಬಿದ ಬಳ್ಳಿಗೆ ನಾವು ಕತ್ತರಿ ಹಚ್ಚಾಂಗಿಲ್ರಿ ಅಣ್ಣಾರ. ಬಸುರಿ ಇದ್ದಂಗ ಅದು."

ಅಥಣಿ ಹತ್ತಿರದ ನಮ್ಮ ಕಾಕಾನ ತೋಟ. ಹಣ್ಣು ತಯಾರಾಗಿತ್ತು. ವ್ಯಾಪಾರಿಯ ಗಾಡಿ ರಸ್ತೆಯಲ್ಲಿ ನಿಂತಿತ್ತು. ಮೋಡ ಏರುತ್ತಿತ್ತು. ಮಳೆ ಬಿದ್ದರೆ ಹಣ್ಣು ಸೀಳುತ್ತದೆ, ಕಾಕಾನ ವರ್ಷದ ದುಡಿಮೆ ಮುಗಿಯಿತು.

ತಪ್ಪು ಜಪಾನಿನದು. ರೈತರ ಸಭೆಯಲ್ಲಿ ಅಲ್ಲಿನ ಒಂದು ಊರಿನ ಚಿತ್ರ ತೋರಿಸಿದ್ದರು. ಊಟ ಇತ್ತು, ನಾನೂ ಹೋಗಿದ್ದೆ. ಸುತ್ತ ಗುಡ್ಡ, ನಡುವೆ ತಗ್ಗು, ತಗ್ಗಿನಲ್ಲಿ ಹೊಳೆ. ಹಿಂದೆ ಮನೆಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರಂತೆ. ರೇಷ್ಮೆಯ ರೇಟು ಬಿದ್ದಮೇಲೆ ಹಿಪ್ಪುನೇರಳೆ ಕಿತ್ತು ದ್ರಾಕ್ಷಿ ಹಚ್ಚಿದರಂತೆ. ಈಗ ಊರು ನಡೆಯುವುದೇ ಅದರ ಮೇಲೆ. ಹುಡುಗರೆಲ್ಲ ದೊಡ್ಡ ಪೇಟೆ ಸೇರಿದ್ದಾರೆ, ಮುದುಕರೇ ಒಂದೊಂದು ಗೊಂಚಲಿಗೂ ಕಾಗದದ ಚೀಲ ತೊಡಿಸುತ್ತಾರೆ. ಕಾಕಾನ ತಲೆಯಲ್ಲಿ ಉಳಿದದ್ದು ಚೀಲ ಮಾತ್ರ.

ಕಾಗದ ಹರಿಯುತ್ತದೆಂದು ಕಾಕಾನ ಹೆಂಡತಿ, ನಮ್ಮ ಕಾಕು, ಟ್ರಂಕು ತೆಗೆದಳು. ಅವರಿವರು ಉಡಿ ತುಂಬಿದಾಗ ಕೊಟ್ಟ ಕುಪ್ಪಸದ ಖಣಗಳು. ಅವನ್ನು ಯಾರೂ ಹೊಲಿಸುವುದಿಲ್ಲ, ಮನೆಯಿಂದ ಮನೆಗೆ ಸುತ್ತುತ್ತಿರುತ್ತವೆ. ಎಲ್ಲವನ್ನೂ ಚೀಲವಾಗಿ ಹೊಲಿದು ಗೊಂಚಲುಗಳಿಗೆ ತೊಡಿಸಿದಳು. ರಸ್ತೆ ಬದಿಯ ಬಳ್ಳಿಗಳೆಲ್ಲ ಹಸಿರು, ಕೆಂಪು, ಹಳದಿ ಆದವು.

ಕೊಕಟನೂರ ಎಲ್ಲಮ್ಮನ ಗುಡಿಗೆ ಹೊರಟಿದ್ದ ಒಬ್ಬಾಕೆ ಅದನ್ನು ಹರಕೆ ಎಂದು ತಿಳಿದು, ಬಳ್ಳಿಯ ಬುಡಕ್ಕೆ ಅಕ್ಕಿ, ತೆಂಗಿನಕಾಯಿ ಇಟ್ಟು ಕೈಮುಗಿದಳು. ಮರುದಿನದಿಂದ ಬಳ್ಳಿಗೆ ಉಡಿ ತುಂಬುವವರ ಪಾಳಿ ಹತ್ತಿತು. ಶೇಡಬಾಳದಿಂದಲೂ ಬಂದರು.

"ಇದು ಜಪಾನಿ ಪದ್ಧತಿ ಐತಬೇ!" ಈಗ ಕಾಕಾ ಬದುವಿನ ಮೇಲೆ ಕುಳಿತ ಹೆಂಗಸರ ಮುಂದೆ ನಿಂತು ಕೂಗಿದ.

"ಅಲ್ಲೆ ಬಸುರೀಗಿ ಕತ್ತರಿ ಹಚ್ತಾರೇನ್ರಿ?"

ವ್ಯಾಪಾರಿ ಗಾಡಿ ಚಾಲೂ ಮಾಡಿದ. "ಮಾಲಕ, ಲಗೂನ ಮಾಡ್ರಿ. ಇಲ್ಲಾಂದ್ರ ನಾ ಕಾಗವಾಡಕ್ಕ ಹೊಂಟೆ."

ಕಾಕು ನನ್ನ ಕಡೆ ತಿರುಗಿದಳು. "ಬಸುರಿ ಅಂದಮ್ಯಾಲ ಹೆರಬೇಕಲ್ಲ? ಹೋಗಲೇ, ಸೂಲಗಿತ್ತಿ ಆಯೀನ ಕರಕೊಂಡ ಬಾ."

ಮುದುಕಿಯನ್ನು ಬೈಕಿನಲ್ಲಿ ತಂದೆ. ಆಕೆ ಕೈ ತೊಳೆದು, ಗೊಂಚಲು ತಡವಿ, "ದಿನಾ ತುಂಬ್ಯಾವ" ಎಂದಳು. ಖಣ ಬಿಚ್ಚಿ ತೊಟ್ಟು ಕತ್ತರಿಸಿದಳು.

"ಗಂಡೋ ಹೆಣ್ಣೋ ಆಯಿ?" ಬದುವಿನ ಮೇಲಿಂದ ಒಬ್ಬಳು ಕೇಳಿದಳು.

ಮುದುಕಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. "ಬೀಜ ಇಲ್ಲ. ಹೆಣ್ಣ ಅಂತ ತಿಳೀರಿ."

ಹೆಂಗಸರು ನಗುತ್ತ ಕತ್ತರಿ ಎತ್ತಿಕೊಂಡರು. ಮಳೆಗೆ ಮೊದಲೇ ಗಾಡಿ ತುಂಬಿತು. ಇನ್ನು ಹೇಳುವಂಥದ್ದು ಏನೂ ಇಲ್ಲ.