ಅತ್ತೆ ಎಣಿಸಿದ ಹದ್ದಿನ ಗರಿಗಳು

“ಅಳಿಯಂದ್ರ, ಇದನ್ನ ಯಾರೋ ಬಿಚ್ಚಿ ಮತ್ತ ಹಾಕ್ಯಾರ ನೋಡ್ರಿ.”

ಹಳೆಯ ಅಮೆರಿಕನ್ ಬೆಳ್ಳಿ ಡಾಲರನ್ನು ಲೆನ್ಸ್ ಕೆಳಗಿಟ್ಟುಕೊಂಡು ಅತ್ತೆ ಹೀಗೆಂದಾಗ ನಾನು ನಕ್ಕುಬಿಟ್ಟೆ. ನಾಣ್ಯವನ್ನು ಬಿಚ್ಚಲು ಅದೇನು ರವಿಕೆಯೇ?

ಅತ್ತೆ ಧಾರವಾಡದವರು. ಡಚ್ಚರ ನಾಡಿನ ಐಂಡ್‌ಹೋವನ್‌ನ ನಮ್ಮ ಮನೆಗೆ ಎರಡು ತಿಂಗಳಿಗೆಂದು ಬಂದವರು, ಮೊದಲ ವಾರದಲ್ಲೇ ನನ್ನ ಮಸಾಲೆ ಡಬ್ಬಗಳ ಜಾಗ ಬದಲಿಸಿದ್ದರು. ಅವರ ರಿಟರ್ನ್ ಟಿಕೆಟ್ಟಿನ ತಾರೀಖು ನನಗೆ ಬಾಯಿಪಾಠ. ಸುಳ್ಳೇಕೆ ಹೇಳಲಿ.

ನಾಣ್ಯದ ಕಥೆ ಇಷ್ಟು. ಆಮರ್ಸ್‌ಫೋರ್ಟ್‌ನಲ್ಲಿ ತಿಂಗಳಿಗೊಂದು ಶನಿವಾರ ನಾಣ್ಯದ ಹುಚ್ಚಿನವರ ಪುಟ್ಟ ಕ್ಲಬ್ ಸೇರುತ್ತದೆ. ಅಲ್ಲಿನ ಹಿರಿಯರು ವಿಲ್ಲೆಮ್. ಅವರು ಒಬ್ಬೊಬ್ಬರಿಗೆ ಒಂದೊಂದು ನಾಣ್ಯ ಕೊಟ್ಟು ಕಳಿಸುತ್ತಾರೆ, ಉತ್ತರ ಬರೆದು ಲಕೋಟೆ ಅಂಟಿಸಿಟ್ಟಿರುತ್ತಾರೆ.

ಮುಂದಿನ ತಿಂಗಳು ಎರಡು ವಿಷಯ ಹೇಳಬೇಕು. ಇದು ಯಾವ ಅಚ್ಚಿನಿಂದ ಬಿದ್ದದ್ದು? ಎಷ್ಟು ಸವೆದಿದೆ, ಅಂದರೆ ಯಾವ ಗ್ರೇಡು?

ತಪ್ಪಿದರೆ ಎಲ್ಲರಿಗೂ ಆಪಲ್‌ಟಾರ್ಟ್, ಅಂದರೆ ಸೇಬಿನ ಕೇಕು, ತರಬೇಕು. ನಾಲ್ಕು ಸಲ ತಪ್ಪಿದರೆ ಒಂದು ವರ್ಷ ಆ ಮೇಜಿನಲ್ಲಿ ಕುರ್ಚಿಯಿಲ್ಲ, ಹಿಂದೆ ನಿಂತು ನೋಡಬಹುದು.

ನಾನು ಮೂರು ಟಾರ್ಟ್ ತಂದಾಗಿತ್ತು.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ವಾಚಿನ ಬೆಲ್ಟ್ ಮಾರುತ್ತಾ ಶುರುಮಾಡಿ, ಇಲ್ಲಿ ಸ್ವಂತ ಸೈಕಲ್ ಅಂಗಡಿ ಇಟ್ಟವನು ನಾನು. ಮಾತಿನಲ್ಲಿ ಯಾರನ್ನಾದರೂ ಒಪ್ಪಿಸಬಲ್ಲೆ. ಆದರೆ ನಾಣ್ಯಕ್ಕೆ ಕಿವಿಯಿಲ್ಲವಲ್ಲ…

ಈ ಸಲದ ಡಾಲರ್ ೧೮೭೮ರದ್ದು. ಹಿಂಬದಿಯಲ್ಲಿ ಹದ್ದು. ಆ ವರ್ಷ ಮೊದಲು ಹದ್ದಿನ ಬಾಲಕ್ಕೆ ಎಂಟು ಗರಿ ಕೊಟ್ಟು, ಆಮೇಲೆ ಏಳಕ್ಕೆ ಇಳಿಸಿದರು.

“ನಿನಗೆಂದೇ ಸುಲಭದ್ದು ಆರಿಸಿದ್ದೇನೆ” ಎಂದಿದ್ದರು ವಿಲ್ಲೆಮ್. ನಾನು ಎರಡು ವಾರ ಎಣಿಸಿದೆ. ಪ್ರತಿ ಸಲವೂ ಏಳೇ. ನೋಟ್‌ಬುಕ್ಕಿನಲ್ಲಿ ‘ಸಾಮಾನ್ಯ ಏಳು ಗರಿ’ ಎಂದು ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಆಗಲೇ ಅತ್ತೆ ಹೊತ್ತು ಹೋಗದೆ ಲೆನ್ಸ್ ಎತ್ತಿಕೊಂಡದ್ದು.

“ಏಳು ಅದಾವ, ಖರೆ. ಅವುಗಳ ಕೆಳಗ ಇಣುಕೋ ತುದಿ ಯಾವುವು? ಒಂದು, ಎರಡು, ಮೂರು, ನಾಕು. ಕಸೂತ್ಯಾಗ ಮೊದಲಿನ ಹೊಲಿಗಿ ಬಿಚ್ಚಿ ಅದರ ಮ್ಯಾಲ ಬ್ಯಾರೆ ಹಾಕಿದ್ರ, ಹಳೇ ಸೂಜಿ ತೂತು ಹಿಂಗ ಇಣುಕ್ತಾವ. ನಮ್ಮವ್ವ ಇದ್ದಿದ್ರ ಕೈಮ್ಯಾಲ ಬಾರಸ್ತಿದ್ಲು.”

ನಗು ನಿಲ್ಲಿಸಿ ನೋಡಿದೆ.

ಏಳು ಗರಿಗಳ ಕೆಳಗೆ ಕೂದಲೆಳೆಯಷ್ಟು ನಾಲ್ಕು ತುದಿಗಳು! ಎಂಟು ಗರಿಯ ಅಚ್ಚನ್ನು ಎಸೆಯಲು ಮನಸ್ಸಾಗದೆ, ಅದರ ಮೇಲೆಯೇ ಏಳು ಗರಿ ಒತ್ತಿದ್ದಾರೆ. ನನ್ನ ನಾಣ್ಯದ ಪುಸ್ತಕದಲ್ಲಿ ಇದಕ್ಕೆ ಒಂದು ಪುಟವೇ ಇತ್ತು. ನನ್ನ ಕೈಗೆ ಬರುವಂಥದ್ದಲ್ಲ ಎಂದು ಮಗುಚಿಬಿಟ್ಟಿದ್ದೆ.

ಖುಷಿಯ ಹಿಂದೆಯೇ ಲೆಕ್ಕಾಚಾರ ಬಂತು. ವಿಲ್ಲೆಮ್ ಇದು ಸುಲಭದ್ದು ಎಂದಿದ್ದಾರೆ, ಅಂದರೆ ಲಕೋಟೆಯಲ್ಲಿ ‘ಸಾಮಾನ್ಯ’ ಎಂದೇ ಇರಬೇಕು. ನಾನೂ ಹಾಗೆಂದರೆ ಕುರ್ಚಿ ಉಳಿಯುತ್ತದೆ. ಅತ್ತೆಯ ಮಾತು ಹೇಳಿ ಅದು ಬರೀ ಗೀರು ಎಂದಾದರೆ, ಕುರ್ಚಿಯೂ ಹೋಯಿತು, ಮಾನವೂ ಹೋಯಿತು.

ಹೆಂಡತಿ ಸುನಂದಾ ಒಂದೇ ಮಾತಿನಲ್ಲಿ ಮುಗಿಸಿದಳು. “ಆ ಅಜ್ಜನ ಲಕೋಟೆ ನಂಬ್ತೀರೋ, ನಮ್ಮವ್ವನ ಕಣ್ಣು ನಂಬ್ತೀರೋ? ವಿಚಾರ ಮಾಡಿ ಹೇಳ್ರಿ. ಸಂಜಿಗೆ ರೊಟ್ಟಿ ಬಡಿಯಾಕಿ ಆಕೀನ.”

ಶನಿವಾರ ಅತ್ತೆಯೂ ರೈಲು ಹತ್ತಿದರು. ಕಸೂತಿ ಹಾಕಿದ ಇಳಕಲ್ ಸೀರೆ, ಕೆಳಗೆ ಸುನಂದಾಳ ಸ್ಪೋರ್ಟ್ಸ್ ಶೂ. “ಸಾಕ್ಷಿ ಬ್ಯಾಡೇನ್ರಿ?”

ಮೇಜಿನ ಸುತ್ತ ಎಲ್ಲರೂ ಕೂತರು. ನಾನು ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟೆ. ಎಂಟರ ಮೇಲೆ ಏಳು. ಗ್ರೇಡು ‘ಪ್ರಾಖ್ತಿಖ್’. ಡಚ್ ಮಾತಿನಲ್ಲಿ ‘ಬಲು ಸೊಗಸು’, ಇಲ್ಲಿನ ನಾಣ್ಯದ ಲೆಕ್ಕದಲ್ಲಿ ಬಹಳ ಕಡಿಮೆ ಸವೆದದ್ದು.

ವಿಲ್ಲೆಮ್ ಲಕೋಟೆ ಹರಿದು ಓದಿದರು. ಸಾಮಾನ್ಯ ಏಳು. ಗ್ರೇಡು ನಾನು ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಮೇಜಿನ ಆಚೆಯಿಂದ ಯಾರೋ “ಈ ಸಲ ಟಾರ್ಟ್ ಜೊತೆ ಕೆನೆಯೂ ಇರಲಿ” ಎಂದರು. ಎಲ್ಲರೂ ನಕ್ಕರು.

ಬಾಲದ ಕೆಳಗೆ ನೋಡಿ ಎಂದೆ. ಅಷ್ಟೇ ಎಂದೆ… ನನ್ನ ಜೀವನದ ಅತಿ ಚಿಕ್ಕ ಭಾಷಣ.

ವಿಲ್ಲೆಮ್ ಬಗ್ಗಿದರು. ನಾಣ್ಯವನ್ನು ಬೆಳಕಿಗೆ ಓರೆ ಮಾಡಿದರು. ಎಡಗೈ ಬೆರಳುಗಳು ಮೇಜಿನ ಮೇಲೆ ಒಂದೊಂದಾಗಿ ಬಡಿದವು. ಒಂದು… ಎರಡು… ಮೂರು… ನಾಲ್ಕು.

“ಹನ್ನೊಂದು ವರ್ಷ ಇದು ನನ್ನ ಡ್ರಾಯರಿನಲ್ಲಿತ್ತು” ಎಂದರು. ಆಮೇಲೆ ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಯಾರು ಕಂಡುಹಿಡಿದದ್ದು ಎಂದು ಕೇಳಿದರು.

ನಾನೇ ಎನ್ನುವ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಪಕ್ಕದಲ್ಲಿ ಅತ್ತೆ ಇದ್ದರು. ಅವರಿಗೆ ಡಚ್ ಬಾರದು, ಆದರೆ ಅಳಿಯನ ಮುಖ ಓದಲು ಬರುತ್ತದೆ. ಅವರತ್ತ ಕೈ ತೋರಿಸಿದೆ.

ಗ್ರೇಡಿನಲ್ಲಿ ಮಾತ್ರ ನಾನೇ ಸೋತೆ. ನಾಣ್ಯದ ಇನ್ನೊಂದು ಬದಿಯ ಹೆಣ್ಣಿನ ಮುಖದಲ್ಲಿ ಕಿವಿಯ ಮೇಲಿನ ಕೂದಲು ಸವೆದು ಚಪ್ಪಟೆಯಾಗಿತ್ತಂತೆ. ಟಾರ್ಟ್ ವಿಲ್ಲೆಮ್‌ರದ್ದು, ಕೆನೆ ನನ್ನದು ಎಂದು ರಾಜಿಯಾಯಿತು. ಕುರ್ಚಿ ಉಳಿಯಿತು.

ಪಕ್ಕದ ಬೇಕರಿಯಿಂದ ತರಿಸಿ ತಿಂದಾದ ಮೇಲೆ ವಿಲ್ಲೆಮ್ ಅನುಮತಿ ಕೇಳಿ, ಅತ್ತೆಯ ಸೆರಗನ್ನು ಲೆನ್ಸ್‌ನಲ್ಲಿ ನೋಡಿದರು. ತಿರುಗಿಸಿ ಹಿಂಬದಿ ನೋಡಿದರು. ಮತ್ತೆ ಮುಂಬದಿ. ಎರಡೂ ಒಂದೇ. ಗಂಟು ಎಲ್ಲಿದೆ ಎಂದು ನನ್ನನ್ನು ಕೇಳಿದರು.

“ಗಂಟು ಹಾಕಿದ್ರ ಅದು ಕಸೂತಿ ಹೆಂಗಾಗ್ತದ? ಹೇಳ್ರಿ ಅವರಿಗೆ.”

ಹೇಳಿದೆ. ವಿಲ್ಲೆಮ್ ಲೆನ್ಸ್ ಕೆಳಗಿಟ್ಟು “ಪ್ರಾಖ್ತಿಖ್” ಎಂದರು. ಈ ಗ್ರೇಡಿಗೆ ಯಾರೂ ತಕರಾರು ಮಾಡಲಿಲ್ಲ.

ಹೊರಡುವಾಗ ಮುಂದಿನ ತಿಂಗಳ ನಾಣ್ಯಕ್ಕೆ ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ, ಅದನ್ನು ಅತ್ತೆಯ ಅಂಗೈಯಲ್ಲಿಟ್ಟರು!

ಈಗ ಒಂದು ತೊಂದರೆ ಇದೆ. ಮುಂದಿನ ಸಭೆಗೆ ಆರು ದಿನ ಮೊದಲೇ ಅತ್ತೆಯ ವಿಮಾನ. ವೀಸಾದಲ್ಲಿ ಇನ್ನೂ ದಿನಗಳಿವೆ, ಮಸಾಲೆ ಡಬ್ಬಗಳ ಹೊಸ ಜಾಗವೂ ನನಗೆ ರೂಢಿಯಾಗಿದೆ.

ರಿಟರ್ನ್ ಟಿಕೆಟ್ಟಿನ ತಾರೀಖು ಮುಂದೆ ಹಾಕಿಸಿದ ಅಳಿಯಂದಿರು ಇಲ್ಲಿ ಯಾರಾದರೂ ಇದ್ದೀರಾ?